ಯೆರೂಸಲೇಮಿನಲ್ಲಿ ಉಳಿದುಕೊಂಡವರು

ನಾನು ಪುಣ್ಯಭೂಮಿಗೆ ಹೋದದ್ದು ಭಕ್ತಿ ಉಕ್ಕಿ ಎಂದು ಹೇಳಿದರೆ ಕೇಳುವವರಿಗೆ ಹಿತವಾಗಿರುತ್ತದೆ. ನಿಜ ಹೇಳಬೇಕೆಂದರೆ ಆಗ ನನಗೆ ಬಹಳ ದಣಿವಾಗಿತ್ತು. ವಯಸ್ಸು ಮೂವತ್ತು ತುಂಬಿರಲಿಲ್ಲ. ಸೇವೆಗೆ ಬಂದು ಕೆಲವೇ ವರ್ಷಗಳಾಗಿದ್ದವು. ಆದರೂ ಬೆಳಿಗ್ಗೆ ಎದ್ದಾಗಲೇ ಸಂಜೆಯಾದಂತೆ ಅನ್ನಿಸುತ್ತಿತ್ತು.

ಮಂಡಳಿಯವರ ಲೆಕ್ಕದಲ್ಲಿ ನಾನು ಮಿಷನರಿ, ಜನರ ಬಾಯಲ್ಲಿ ಅಯ್ನೋರು. ನಮ್ಮ ಸಭೆಯ ಕುಟುಂಬಗಳು ಮೂಡಿಗೆರೆಯ ಸುತ್ತಮುತ್ತ ಕಾಫಿ ಎಸ್ಟೇಟುಗಳಲ್ಲಿ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಚದುರಿದ್ದವು. ಭಾನುವಾರ ಪೇಟೆಯ ಚಿಕ್ಕ ಚರ್ಚಿನಲ್ಲಿ ಆರಾಧನೆ. ಉಳಿದ ದಿನ ಹಳೆಯ ಬೈಕಿನಲ್ಲಿ ಮನೆಮನೆ ಭೇಟಿ. ಒಂದು ಕಡೆ ಗಂಡ ಕುಡಿದು ಬಂದು ಅನ್ನದ ಪಾತ್ರೆ ಅಂಗಳಕ್ಕೆ ಎಸೆದಿದ್ದಾನೆ, ಇನ್ನೊಂದು ಕಡೆ ತೀರಿಹೋದವರನ್ನು ಮಣ್ಣು ಮಾಡಲು ಜಾಗವಿಲ್ಲ. ಹೊಸ ಎಸ್ಟೇಟಿನ ಗೇಟಿನ ಮುಂದೆ ನಿಂತರೆ ಯಾರಾದರೂ ಬಂದು, "ಎಂತಕ್ಕೆ ಬಂದ್ರಿ? ಮತಾಂತರದೋರಾ?" ಎಂದು ಕೇಳುತ್ತಿದ್ದರು. ಅಲ್ಲ, ಈ ಲೈನಿನಲ್ಲಿ ನಮ್ಮ ಸಭೆಯ ಅಜ್ಜಿಯೊಬ್ಬರು ಹಾಸಿಗೆ ಹಿಡಿದಿದ್ದಾರೆ, ಅವರನ್ನು ನೋಡಲು ಬಂದೆ ಎಂದು ವಿವರಿಸಬೇಕು. ವಿವರಿಸಿ ಒಳಗೆ ಹೋಗುವಷ್ಟರಲ್ಲಿ ಪ್ರಾರ್ಥನೆಗೆ ಬೇಕಾದ ಮನಸ್ಸು ಅರ್ಧ ಖರ್ಚಾಗಿರುತ್ತಿತ್ತು.

ಆಗ ಒಂದು ಟೂರ್ ಕಂಪನಿಯವರು ಬಂದರು. ಚಿಕ್ಕಮಗಳೂರು, ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ವಿಶ್ವಾಸಿಗಳನ್ನು ಒಟ್ಟು ಮಾಡಿ ಜೋರ್ಡಾನ್ ದೇಶದ ಮೂಲಕ ಯೆರೂಸಲೇಮಿಗೆ ಕರೆದೊಯ್ಯುತ್ತಾರಂತೆ. ಬರುವವರೆಲ್ಲ ವಯಸ್ಸಾದವರು. ಅವರನ್ನು ನೋಡಿಕೊಳ್ಳಲು ಒಬ್ಬ ಯುವಕ ಬೇಕು, ಅವನಿಗೆ ಸೀಟು ಬಿಟ್ಟಿ. ನಮ್ಮ ಹಿರಿಯ ಸಭಾಪಾಲಕರು ನನ್ನ ಮುಖ ನೋಡಿ, "ನೀನು ಹೋಗು. ಹೋಗಿ ತುಂಬಿಕೊಂಡು ಬಾ" ಎಂದರು. ಖಾಲಿಯಾಗಿದ್ದೇನೆಂದು ಅವರಿಗೂ ಕಂಡಿತ್ತು.

ಸುದ್ದಿ ಹರಡಿತು. ನಾನು ಪ್ರಾರ್ಥನೆಗೆ ಹೋಗುತ್ತಿದ್ದ ಎಸ್ಟೇಟೊಂದರ ಸಾವ್ಕಾರ್ರು ಜೀಪು ನಿಲ್ಲಿಸಿ, "ಏನ್ ಅಯ್ನೋರೇ, ನಿಮ್ ಕಾಶಿಗೆ ಹೊರಟ್ರಂತೆ? ಬರ್ತಾ ತೀರ್ಥ ತನ್ನಿ ಮಾರಾಯ್ರೆ, ದೇವರ ಕೋಣೇಲಿಡೋಣ" ಎಂದರು. ಅವರು ತಮಾಷೆಗೆ ಹೇಳಿದ್ದಲ್ಲ. ಯೇಸು ದೀಕ್ಷಾಸ್ನಾನ ಮಾಡಿಸಿಕೊಂಡ ಯೊರ್ದನ್ ಹೊಳೆಯ ನೀರು ತಂದುಕೊಡುತ್ತೇನೆಂದು ಒಪ್ಪಿಕೊಂಡೆ.

ಹೊರಡುವವರಲ್ಲಿ ಜಾವಳಿ ಕಡೆಯ ಗಂಡಹೆಂಡತಿಯೂ ಇದ್ದರು. ಗಂಡ ದೊಡ್ಡ ಎಸ್ಟೇಟೊಂದರಲ್ಲಿ ರೈಟರ್. ಆಳುಗಳ ಹಾಜರಿ, ಕೆಲಸದ ಹಂಚಿಕೆ ಎಲ್ಲ ಅವರದೇ. ನಮ್ಮ ಸಭೆಯ ಹಿರಿಯರಲ್ಲೂ ಒಬ್ಬರು. ಎತ್ತರದ ಆಳು, ಗಟ್ಟಿ ಗಂಟಲು, ಪ್ರಾರ್ಥನೆಗೆ ನಿಂತರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹೆಂಡತಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಆಯಾ ಆಗಿದ್ದರು. ಗಾಯಕ್ಕೆ ಪಟ್ಟಿ ಕಟ್ಟುವುದರಿಂದ ಹಿಡಿದು ಬಾಣಂತಿಯರನ್ನು ನೋಡಿಕೊಳ್ಳುವವರೆಗೆ ಎಲ್ಲ ಮಾಡುವವರು. ನಾನು ಅವರನ್ನು ಅಕ್ಕ, ರೈಟರನ್ನು ಅಣ್ಣ ಎನ್ನುತ್ತಿದ್ದೆ. ಒಬ್ಬಳೇ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವರ ಮನೆಗೆ ಹೋದಾಗಲೆಲ್ಲ ಅಕ್ಕ ಅಕ್ಕಿರೊಟ್ಟಿ ಸುಟ್ಟು ಬಡಿಸುತ್ತಿದ್ದರು, ಮಾತು ಕಮ್ಮಿ.

ಹೊರಡುವ ವಾರ ರೈಟರಿಗೆ ರಜೆ ಸಿಗಲಿಲ್ಲ. ಕಾಫಿ ಕುಯಿಲು ಜೋರಿನಲ್ಲಿತ್ತು, ಆಳುಗಳು ಸಾಲದೆ ಅವರ ಎಸ್ಟೇಟಿನ ಸಾವ್ಕಾರ್ರು ಕಂಗಾಲಾಗಿದ್ದರು. ಆದರೆ ಊರಿಗೆಲ್ಲ ಹೇಳಿ ಆಗಿದೆ, ಹೆಂಡತಿಯಾದರೂ ಹೋಗಿಬರಲಿ ಎಂದು ಅವರು ತೀರ್ಮಾನಿಸಿದರು. ಬಸ್ಸಿನ ಹತ್ತಿರ ನನ್ನ ಕೈ ಹಿಡಿದುಕೊಂಡು, "ನಿಮ್ಮ ಕೈಗೆ ಒಪ್ಪಿಸ್ತಿದೀನಿ ಅಯ್ನೋರೇ. ಇವ್ಳಿಗೆ ಏನೂ ಗೊತ್ತಾಗಲ್ಲ. ಬೇಲೂರಿಂದ ಆಚೆ ಹೋದವ್ಳಲ್ಲ" ಎಂದರು. ಅಕ್ಕ ಬ್ಯಾಗು ಎದೆಗವಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

ಪ್ರಯಾಣ ನಾನೆಣಿಸಿದಂತಿರಲಿಲ್ಲ. ಬೈಬಲಿನಲ್ಲಿ ಓದಿದ ಒಂದೊಂದು ಜಾಗದಲ್ಲೂ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕೆಂದು ಆಸೆಪಟ್ಟಿದ್ದೆ. ಕೂರಲು ಆಗಲಿಲ್ಲ. ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರು ಪ್ರತಿ ಹೋಟೆಲಿನಲ್ಲೂ ಬಿಸಿನೀರು ಬರುವುದಿಲ್ಲವೆಂದು ನನ್ನ ಬಾಗಿಲು ತಟ್ಟುತ್ತಿದ್ದರು. ಹತ್ತುವಾಗ ತಲೆ ಎಣಿಸು, ಇಳಿಯುವಾಗ ತಲೆ ಎಣಿಸು. ನೆಬೋ ಬೆಟ್ಟದ ಮೇಲೆ, ಮೋಶೆ ನಿಂತು ವಾಗ್ದಾನದ ದೇಶವನ್ನು ನೋಡಿದ ಜಾಗದಲ್ಲಿ, ನಾನು ಆಲ್ದೂರಿನ ಹಿರಿಯರೊಬ್ಬರ ಕಳೆದುಹೋದ ಕನ್ನಡಕ ಹುಡುಕುತ್ತಿದ್ದೆ. ಎದ್ದು ನೋಡಿದರೆ ಅಕ್ಕ ಕಟಕಟೆ ಹಿಡಿದು ನಿಂತಿದ್ದರು. ಎದುರಿಗೆ ಮಬ್ಬು. ದೂರದಲ್ಲಿ ಬೂದಿ ಬಣ್ಣದ ಗುಡ್ಡಗಳು, ಒಂದು ಹಸಿರಿಲ್ಲ.

"ಇಲ್ಲಿ ಒಂದ್ ಗಿಡ ಹೆಂಗೆ ಬದುಕ್ತದೋ ಅಯ್ನೋರೇ" ಎಂದರು. ಆಮೇಲೆ, "ಮೋಶೆ ನೋಡಿದ್ದು ಮಾತ್ರ ಅಲ್ವಾ? ಆಚೆ ಹೋಗ್ಲಿಲ್ಲ?"

"ಹೋಗ್ಲಿಲ್ಲ ಅಕ್ಕ. ಇಲ್ಲೇ ತೀರಿಕೊಂಡ."

"ಪಾಪ. ಅಷ್ಟು ದೂರ ಬಂದು" ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡರು.

ಜೋರ್ಡಾನಿನಿಂದ ಗಡಿ ದಾಟುವಾಗ ಬ್ಯಾಗುಗಳನ್ನೆಲ್ಲ ಬಿಚ್ಚಿಸಿದರು. ನಿಂತು ನಿಂತು ಹಿರಿಯರು ನೆಲದ ಮೇಲೇ ಕೂತರು. ಆ ಕಡೆ ನಮಗೊಬ್ಬ ಗೈಡ್ ಸಿಕ್ಕಿದ. ಬೇತ್ಲೆಹೇಮಿನವನು, ನಮ್ಮಂತೆಯೇ ಕ್ರೈಸ್ತ, ಮನೆಮಾತು ಅರಬಿ. ಭಾರತದ ಗುಂಪುಗಳನ್ನು ಕರೆದೊಯ್ದು ಕರೆದೊಯ್ದು ಅರೆಬರೆ ಹಿಂದಿಯನ್ನೂ ಸ್ವಲ್ಪ ಮಲಯಾಳವನ್ನೂ ಕಲಿತಿದ್ದ. "ಚಲೋ, ಚಲೋ, ಯೇಸು ಕಾಯುತ್ತಿದ್ದಾನೆ" ಎನ್ನುತ್ತ ಎಲ್ಲರನ್ನೂ ಓಡಿಸುತ್ತಿದ್ದ. ನನ್ನೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಅವನ ಕಣ್ಣ ಕೆಳಗಿನ ಕಪ್ಪು ನೋಡಿ ನನಗೆ ಇವನೂ ನನ್ನ ಜಾತಿಯವನೇ, ದಣಿದವರ ಜಾತಿ, ಅನ್ನಿಸಿತು.

ಗಲಿಲಾಯ ಸಮುದ್ರ ಎಂಬುದು ಸಮುದ್ರವಲ್ಲ, ದೊಡ್ಡ ಕೆರೆ. ದೋಣಿಯಲ್ಲಿ ನಮ್ಮವರೆಲ್ಲ ಚಪ್ಪಾಳೆ ತಟ್ಟಿ ಹಾಡಿದರು. ನಾನು ವಾಂತಿ ಮಾಡುತ್ತಿದ್ದ ಅಜ್ಜಿಯೊಬ್ಬರಿಗೆ ಪ್ಲಾಸ್ಟಿಕ್ ಚೀಲ ಹಿಡಿದಿದ್ದೆ. ಅಕ್ಕ ಬಂದು ಚೀಲ ಇಸಿದುಕೊಂಡು, "ನೀವು ಹೋಗಿ ನೋಡಿ. ನಂಗಿದು ದಿನಾ ಇದ್ದಿದ್ದೇ" ಎಂದರು. ಪ್ರಯಾಣದುದ್ದಕ್ಕೂ ಹಾಗೆಯೇ. ಯಾರಿಗೆ ಯಾವ ಮಾತ್ರೆ ಎಂದು ಅವರೇ ನೆನಪಿಟ್ಟುಕೊಂಡಿದ್ದರು. ಗುಂಪಿನವರು ನನಗಿಂತ ಹೆಚ್ಚು ಅವರನ್ನೇ ಕೂಗುತ್ತಿದ್ದರು. ಯೇಸು ಮದುವೆಯೂಟಕ್ಕೆ ಹೋಗಿದ್ದ ಕಾನಾ ಊರಿನಲ್ಲಿ, ಬಂದಿದ್ದ ದಂಪತಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮದುವೆಯ ಪ್ರತಿಜ್ಞೆಯನ್ನು ಮತ್ತೆ ಹೇಳಿಸಿದಾಗ ಅಕ್ಕ ಹೊರಗೆ ಹೋಗಿ ಬಿಸಿಲಲ್ಲಿ ಕೂತರು. ಗಂಡ ಜೊತೆಗಿಲ್ಲವೆಂಬ ಬೇಸರ ಎಂದುಕೊಂಡು ಉಳಿದ ಹೆಂಗಸರು ಅವರನ್ನು ಸಮಾಧಾನ ಮಾಡಿದರು.

ಯೆರೂಸಲೇಮಿಗೆ ಬಂದಾಗ ಚಳಿಮಳೆ. ಎಣ್ಣೇಮರಗಳ ಗುಡ್ಡದಿಂದ ಜಾರುವ ದಾರಿಯಲ್ಲಿ ಎಲ್ಲರನ್ನೂ ಕೈಹಿಡಿದು ಇಳಿಸಿ ಗೆತ್ಸೇಮನೆ ತೋಟಕ್ಕೆ ತಂದೆವು. ಅಲ್ಲಿ ದಪ್ಪ ಬೊಡ್ಡೆಯ ಹಳೆಯ ಮರಗಳಿವೆ, ಪಕ್ಕದಲ್ಲಿ ಕತ್ತಲು ಕತ್ತಲಾದ ಚರ್ಚು. ಯೇಸು ರಕ್ತ ಬೆವರಿ ಪ್ರಾರ್ಥಿಸಿದ ಬಂಡೆ ಅದರೊಳಗಿದೆ. ಜನ ಮುಗಿಬಿದ್ದು ಬಂಡೆ ಮುಟ್ಟುತ್ತಿದ್ದರು. ನಾನೂ ಮಂಡಿಯೂರಿದೆ. ಕಣ್ಣು ಮುಚ್ಚಿದ ಕೂಡಲೇ ನಿದ್ದೆ ಬಂತು. ಶಿಷ್ಯರಿಗೂ ಇಲ್ಲೇ ಅಲ್ಲವೇ ನಿದ್ದೆ ಬಂದದ್ದು ಎಂದು ನಗು ಬಂದು ಎದ್ದೆ. ಅಕ್ಕ ಕಂಬದ ಹತ್ತಿರ ನಿಂತಿದ್ದರು. "ಬಾತ್ರೂಮಿಗೆ ಹೋಗಿ ಬರ್ತೀನಿ" ಎಂದು ಸನ್ನೆ ಮಾಡಿ ಹೋದರು.

ಬಸ್ಸಿನಲ್ಲಿ ತಲೆ ಎಣಿಸಿದಾಗ ಒಬ್ಬರು ಕಮ್ಮಿ.

ಮೊದಲು ಯಾರೂ ಗಾಬರಿಯಾಗಲಿಲ್ಲ. ದಾರಿ ತಪ್ಪಿರಬೇಕು, ಭಾಷೆ ಬರುವುದಿಲ್ಲ, ಪಾಪ ಎಂದರು. ನಾನು ಶೌಚಾಲಯ, ಚರ್ಚು, ತೋಟ, ಎದುರಿನ ಗುಹೆ ಎಲ್ಲ ಸುತ್ತಿ ಬಂದೆ. ಗೈಡ್ ಮಾತ್ರ ಬಸ್ಸಿನ ಮೆಟ್ಟಿಲ ಮೇಲೆ ಕೂತು ಸಿಗರೇಟು ಹಚ್ಚಿದ.

"ಅವರ ಪಾಸ್‌ಪೋರ್ಟ್ ಅವರ ಹತ್ತಿರವೇ ಇದೆಯಾ?" ಎಂದು ಕೇಳಿದ.

"ಇದೆ. ಎಲ್ಲರೂ ಕೊರಳಲ್ಲೇ ಹಾಕಿಕೊಂಡಿದ್ದೇವಲ್ಲ."

"ಹಾಗಾದರೆ ಅವರು ಕಳೆದುಹೋಗಿಲ್ಲ" ಎಂದ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಯಾತ್ರೆಯ ವೀಸಾದಲ್ಲಿ ಬಂದು, ಗುಂಪಿನಿಂದ ಜಾರಿಕೊಂಡು, ಮನೆಗಳಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿಕೊಳ್ಳುವವರು ಆಗಾಗ ಇರುತ್ತಾರೆ ಎಂದು ಅವನು ಹೇಳಿದ. ನಾನು ಕೋಪ ಮಾಡಿಕೊಂಡೆ. ನಮ್ಮ ಅಕ್ಕ ಅಂಥವರಲ್ಲ, ಬೇಲೂರು ದಾಟಿದವರಲ್ಲ ಎಂದೆ. ಅವನು ವಾದ ಮಾಡಲಿಲ್ಲ. "ನಾಳೆವರೆಗೆ ಹುಡುಕು. ಆಮೇಲೆ ನಾನು ಪೊಲೀಸರಿಗೆ ತಿಳಿಸಲೇಬೇಕು. ಇಲ್ಲದಿದ್ದರೆ ನನ್ನ ಲೈಸೆನ್ಸ್ ಹೋಗುತ್ತದೆ" ಎಂದ.

ಮರುದಿನ ಗುಂಪು ಯೆರಿಕೋ ಮತ್ತು ಲವಣಸಮುದ್ರ ನೋಡಲು ಹೋಯಿತು. ನಾನು ಹಿಂದುಳಿದೆ. ಹೀಗೆ ನಾನು ಯೆರೂಸಲೇಮನ್ನು ನೋಡಿದ್ದು ಕಾಣೆಯಾದ ಹೆಂಗಸೊಬ್ಬರನ್ನು ಹುಡುಕುತ್ತ. ಬೇತೆಸ್ದ ಕೊಳದ ದಂಡೆಯಲ್ಲಿ ಇಣುಕಿದೆ. ಶಿಲುಬೆಯ ದಾರಿ ಎನ್ನುವ ಗಲ್ಲಿಯಲ್ಲಿ ಮೇಲಕ್ಕೂ ಕೆಳಕ್ಕೂ ನಡೆದೆ. ಎರಡೂ ಕಡೆ ಚರ್ಮದ ಚೀಲ, ಮಸಾಲೆ, ಆಟಿಕೆ ಬಂದೂಕುಗಳ ಅಂಗಡಿಗಳು. ಯೇಸುವಿನ ಸಮಾಧಿಯಿರುವ ದೊಡ್ಡ ಚರ್ಚಿನಲ್ಲಿ ಜನ ಅಳುತ್ತಿದ್ದರು, ನಾನು ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಸೀರೆಯುಟ್ಟವರು ಕಂಡರೆ ಓಡುತ್ತಿದ್ದೆ. ಹತ್ತಿರ ಹೋದರೆ ಕೇರಳದವರೋ ಗೋವಾದವರೋ ಆಗಿರುತ್ತಿದ್ದರು. ಕೊನೆಗೆ ಕಾಲು ಸೋತು ಒಂದು ಸಣ್ಣ ಅಂಗಡಿಯ ಮುಂದೆ ಕೂತೆ. ಅಂಗಡಿಯವನು ಚಿಕ್ಕ ಕಪ್ಪಿನಲ್ಲಿ ಏಲಕ್ಕಿ ಹಾಕಿದ ಕಡು ಕಾಫಿ ಕೊಟ್ಟ, ತಳದಲ್ಲಿ ಕೆಸರಿನಂತೆ ಪುಡಿ. ನಾನು ಕಾಫಿ ಬೆಳೆಯುವ ಊರಿನವನು ಎಂದೆ. ಅವನು ನಂಬಲಿಲ್ಲ. ಇಂಡಿಯಾದಲ್ಲಿ ಟೀ ಅಲ್ಲವಾ ಎಂದ. ವಾದಿಸುವ ಶಕ್ತಿ ನನಗಿರಲಿಲ್ಲ.

ಅಲ್ಲಿ ಕೂತಿದ್ದಾಗಲೇ ಫೋನು ಬಂತು. ಗೊತ್ತಿಲ್ಲದ ನಂಬರು.

"ಅಯ್ನೋರೇ, ನಾನು."

"ಅಕ್ಕಾ! ಎಲ್ಲಿದೀರಿ? ಏನೂ ಆಗಿಲ್ವಲ್ಲ?"

"ಏನೂ ಆಗಿಲ್ಲ. ನಂದು ಬಿಪಿ ಮಾತ್ರೆ ಹೋಟೆಲ್ ರೂಮಲ್ಲೇ ಉಳ್ದೋಯ್ತು. ನೀಲಿ ಬ್ಯಾಗಿನ ಸೈಡ್ ಜಿಪ್ಪಲ್ಲಿ. ತಂದುಕೊಡ್ತೀರಾ?"

ಹತ್ತಿರದ ಪೇಟೆಯಲ್ಲಿ ಏನಾದರೂ ಮರೆತು ಬಂದವರು ಕೇಳುವಂತೆ ಕೇಳಿದರು. ದಮಸ್ಕದ ಬಾಗಿಲು ಎಂದು ಕರೆಯುವ ದೊಡ್ಡ ಕೋಟೆಬಾಗಿಲಿನ ಹೊರಗಿನ ಮೆಟ್ಟಿಲ ಹತ್ತಿರ ಬರುತ್ತೇನೆಂದರು.

ಮಾತ್ರೆಯನ್ನು ಮಾತ್ರ ಕೊಂಡೊಯ್ಯಲಿಲ್ಲ, ಇಡೀ ಬ್ಯಾಗು ತೆಗೆದುಕೊಂಡು ಹೋದೆ. ಮಳೆ ನಿಂತು ಎಳೆಬಿಸಿಲು ಬಂದಿತ್ತು. ಮೆಟ್ಟಿಲುಗಳ ಮೇಲೆ ಹೆಂಗಸರು ಪುದೀನ ಸೊಪ್ಪು ಹರವಿಕೊಂಡು ಕೂತಿದ್ದರು. ಅಕ್ಕ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಸೀರೆಯಿಲ್ಲ, ಕಪ್ಪು ಪ್ಯಾಂಟು, ಯಾರದೋ ದೊಡ್ಡ ಕೋಟು, ತಲೆಗೆ ಸ್ಕಾರ್ಫು. ದೂರದಲ್ಲಿ ಇನ್ನೊಬ್ಬ ಹೆಂಗಸು ನಿಂತಿದ್ದಳು. ಹಿಂದೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಆಯಾ ಕೆಲಸ ಕಲಿಯುವಾಗಿನ ಗೆಳತಿಯಂತೆ, ಬಹಳ ಕಾಲದಿಂದ ಇಲ್ಲೇ ಇದ್ದಾಳಂತೆ. ಗೆತ್ಸೇಮನೆಯಿಂದ ಅವಳೇ ಕರೆದುಕೊಂಡು ಹೋದದ್ದು.

"ಊಟ ಮಾಡಿದ್ರಾ?" ಎಂಬುದು ಅಕ್ಕನ ಮೊದಲ ಮಾತು.

ಇಲ್ಲ ಎಂದೆ. ಅವರು ಹೋಗಿ ಎಳ್ಳು ಉದುರಿಸಿದ ದೊಡ್ಡ ಬಳೆಯಂಥ ಬ್ರೆಡ್ಡು ತಂದರು. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ನಾನು ತಿನ್ನಲಿಲ್ಲ.

"ಬನ್ನಿ ಅಕ್ಕ. ಯಾರಿಗೂ ಏನೂ ಹೇಳಲ್ಲ. ದಾರಿ ತಪ್ತು ಅಂದ್ರೆ ಮುಗೀತು. ಮಗಳ ಓದಿಗೆ ದುಡ್ಡು ಬೇಕಿದ್ರೆ ಸಭೇಲಿ ಏನಾದ್ರೂ..."

"ದುಡ್ಡಿಗಲ್ಲ ಅಯ್ನೋರೇ."

ಅವರು ಎಡಗೈ ಚಾಚಿದರು. ಕಿರುಬೆರಳು ಸೊಟ್ಟಗೆ ಕೂಡಿಕೊಂಡಿತ್ತು. ಅದನ್ನು ನಾನು ಮೊದಲೂ ನೋಡಿದ್ದೆ. ಹಿಂದಿನ ಮಳೆಗಾಲದಲ್ಲಿ ಬೆರಳಿಗೆ ಪಟ್ಟಿ ಕಟ್ಟಿಕೊಂಡು ಚರ್ಚಿಗೆ ಬಂದಿದ್ದರು.

"ಬಾಗ್ಲಿಗೆ ಸಿಕ್ಕಿದ್ದು ಅಂದಿದ್ದೆ. ನೀವು ಮನೆಗೆ ಬಂದು ಪ್ರಾರ್ಥನೆ ಮಾಡಿದ್ರಿ. ಅವ್ರು ಪಕ್ಕದಲ್ಲೇ ಕೂತಿದ್ರು. ನಾನು ಆಮೆನ್ ಅಂದೆ."

ನಾನು ಬೆರಳನ್ನೇ ನೋಡುತ್ತಿದ್ದೆ.

"ಮದ್ವೆ ಆದಾಗಿಂದ್ಲೂ ಇದೆ. ಮಗಳು ಇರೋವರ್ಗೂ ಕೈ ಸ್ವಲ್ಪ ತಡೀತಿದ್ರು. ಅವ್ಳು ಹಾಸ್ಟೆಲಿಗೆ ಹೋದ್ಮೇಲೆ ತಡೆಯೋರು ಯಾರಿದಾರೆ?"

"ನಂಗ್ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳಿದ್ರೆ ನೀವೇನ್ ಮಾಡ್ತಿದ್ರಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಬಂದು ಇಬ್ರನ್ನೂ ಕೂರಿಸ್ತಿದ್ರಿ. ಪ್ರಾರ್ಥನೆ ಮಾಡ್ತಿದ್ರಿ. ಅವ್ರು ಅತ್ತು ಕ್ಷಮೆ ಕೇಳ್ತಿದ್ರು. ಅವ್ರಿಗೆ ಅಳು ಬೇಗ ಬರ್ತದೆ. ನಿಮ್ಮ ಬೈಕು ಗೇಟು ದಾಟೋವರ್ಗೆ ಎಲ್ಲಾ ಸರಿ ಇರ್ತಿತ್ತು."

ನಾನು ಮಾಡುತ್ತಿದ್ದದ್ದು ಅದನ್ನೇ. ಎಷ್ಟೋ ಲೈನ್ ಮನೆಗಳಲ್ಲಿ ಅದನ್ನೇ ಮಾಡಿ ಬಂದಿದ್ದೆ, ಬೇರೇನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

"ಇದು ಕಳ್ಳದಾರಿ ಅಂತ ನಂಗೊತ್ತು" ಎಂದರು ಅಕ್ಕ. "ಗೆತ್ಸೇಮನೇಲಿ ಆ ಬಂಡೆ ಹತ್ರ ನಿಂತು ಕೇಳ್ದೆ. ಸ್ವಾಮಿ, ಇದು ತಪ್ಪಾದ್ರೆ ನನ್ನ ಕಾಲು ಇಲ್ಲೇ ಹಿಡ್ಕೋ ಅಂತ. ಕಾಲು ಹಿಡೀಲಿಲ್ಲ. ನಡ್ಕೊಂಡು ಹೋದೆ." ಸ್ಕಾರ್ಫು ಸರಿಮಾಡಿಕೊಂಡು, "ಒಬ್ರು ಅಜ್ಜಿ ಇದಾರಂತೆ, ಎದ್ದೇಳೋಕಾಗಲ್ಲ. ಅವ್ರನ್ನ ನೋಡ್ಕೊಳೋ ಕೆಲ್ಸ. ಮಗಳಿಗೆ ಗೊತ್ತು. ಅವ್ಳೇ ಹೋಗಮ್ಮ ಅಂದ್ಲು."

"ಅಣ್ಣನಿಗೆ ನಾನೇನ್ ಹೇಳ್ಲಿ?"

"ಹುಡುಕ್ದೆ, ಸಿಗ್ಲಿಲ್ಲ ಅಂತ ಹೇಳಿ."

"ಸುಳ್ಳು ಹೇಳಕ್ಕಾಗಲ್ಲ ಅಕ್ಕ. ಸಿಕ್ಕಿದ್ರು, ಬರಲ್ಲ ಅಂದ್ರು ಅಂತ ಹೇಳ್ತೀನಿ. ನೀವು ಎಲ್ಲಿಗೆ ಹೋಗ್ತೀರಿ ಅಂತ ಮಾತ್ರ ನಂಗೆ ಹೇಳ್ಬೇಡಿ. ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅಂತಾನೇ ಹೇಳ್ಬಹುದು."

"ಹಂಗೇ ಆಗ್ಲಿ. ನಿಮಗೇ ಕಷ್ಟ ಆಗ್ತದೆ."

"ಆಗ್ಲಿ ಬಿಡಿ."

ಪ್ರಾರ್ಥನೆ ಮಾಡಲೇ ಎಂದು ಕೇಳಬೇಕೆನಿಸಿತು, ಬಾಯಿ ಬರಲಿಲ್ಲ. ಅದು ಅವರಿಗೇ ಗೊತ್ತಾಯಿತೇನೋ. "ಒಂದು ಕರ್ತನ ಪ್ರಾರ್ಥನೆ ಹೇಳಿ ಅಯ್ನೋರೇ, ಸಾಕು" ಎಂದರು. ಪುದೀನ ಮಾರುವವರ ಗಲಾಟೆಯ ನಡುವೆ ಇಬ್ಬರೂ ಮೆಲ್ಲಗೆ, ಕನ್ನಡದಲ್ಲಿ, ಪರಲೋಕದಲ್ಲಿರುವ ನಮ್ಮ ತಂದೆಯೇ ಎಂದು ಹೇಳಿಕೊಂಡೆವು. ಅವರು ಬ್ಯಾಗು ಹೆಗಲಿಗೇರಿಸಿಕೊಂಡು ಗೆಳತಿಯ ಕಡೆ ನಡೆದರು. ಇಬ್ಬರೂ ಒಂದು ಬಸ್ಸು ಹತ್ತಿದರು. ಅದು ಎಲ್ಲಿಗೆ ಹೋಗುವ ಬಸ್ಸೆಂದು ನಾನು ಬೋರ್ಡು ನೋಡಲಿಲ್ಲ.

ಸಂಜೆ ಗೈಡಿಗೆ ಎಲ್ಲ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. "ನಾನು ಇಲ್ಲೇ ಪಕ್ಕದ ಬೇತ್ಲೆಹೇಮಿನಲ್ಲಿ ಹುಟ್ಟಿದವನು. ಆದರೂ ಇಲ್ಲಿಗೆ ಬಂದು ಕೆಲಸ ಮಾಡಲು ನನಗೆ ಪರ್ಮಿಟ್ ಬೇಕು. ನನ್ನ ತಮ್ಮ ಎಲ್ಲ ಬಿಟ್ಟು ಬೇರೆ ದೇಶಕ್ಕೆ ಹೋದ. ನಿಮ್ಮ ಹೆಂಗಸು ಎಷ್ಟೋ ಸಮುದ್ರ ದಾಟಿ ಇಲ್ಲಿಗೆ ಬಂದು ಉಳಿದುಕೊಂಡಳು. ಯಾರಿಗೆ ಎಲ್ಲಿ ಉಸಿರಾಡಲು ಜಾಗ ಸಿಗುತ್ತದೋ ನನಗೆ ಗೊತ್ತಾಗುವುದಿಲ್ಲ" ಎಂದ. ಆಮೇಲೆ ಎದ್ದು ಪೊಲೀಸರಿಗೆ ಫೋನು ಮಾಡಿದ. ಅವನು ಮಾಡಲೇಬೇಕಿತ್ತು.

ಗುಂಪಿನವರು ಮಾತ್ರ ಸಿಟ್ಟಾದರು. ನಾವು ದೇವರನ್ನು ನೋಡಲು ಬಂದರೆ ಇವಳು ಇದನ್ನೇ ನೆಪ ಮಾಡಿಕೊಂಡಳು ಎಂದರು. ಅಕ್ಕನ ಕೈಯಿಂದ ಮಾತ್ರೆ ನುಂಗಿದವರೇ ಜೋರಾಗಿ ಬೈದರು. ಬೆರಳಿನ ವಿಷಯ ನಾನು ಅವರಾರಿಗೂ ಹೇಳಲಿಲ್ಲ. ಅದು ನಾನು ಹಂಚುವ ಮಾತಲ್ಲ. ವಾಪಸು ಬರುವಾಗ ಗಡಿಯಲ್ಲಿ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ವಿಚಾರಣೆ ಮಾಡಿದರು. ನನಗಿಂತ ಚಿಕ್ಕ ವಯಸ್ಸಿನ ಅಧಿಕಾರಿಣಿ ಅದೇ ಪ್ರಶ್ನೆಗಳನ್ನು ತಿರುಗಿಸಿ ಮುರುಗಿಸಿ ಕೇಳಿದಳು. ನೀನು ಸಹಾಯ ಮಾಡಿದೆಯಾ? ಇಲ್ಲ. ನೋಡಿದೆಯಾ? ನೋಡಿದೆ. ಎಲ್ಲಿ? ಹೇಳಿದೆ. ಈಗೆಲ್ಲಿದ್ದಾಳೆ? ಗೊತ್ತಿಲ್ಲ. "ನೀನು ಪಾದ್ರಿಯಲ್ಲವಾ?" ಎಂದಳು. ಹೌದೆಂದೆ. ಕೊನೆಗೆ ಅವಳಿಗೇ ಆಕಳಿಕೆ ಬಂದು, ಹೋಗು ಎಂದಳು.

ರೈಟರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಊರಿಗೆ ಬಂದ ಮರುದಿನ ಬೆಳಿಗ್ಗೆ ಅವರನ್ನು ನೋಡಲು ಎಸ್ಟೇಟಿಗೆ ಹೋದೆ. ಕಣದ ತುಂಬ ಕಾಫಿ ಹಣ್ಣು ಹರವಿತ್ತು, ಹೆಂಗಸರು ಕಾಲಿನಲ್ಲಿ ಎಳೆದೆಳೆದು ತಿರುವುತ್ತಿದ್ದರು. ರೈಟರು ನನ್ನನ್ನು ನೋಡಿ ಕಣದಾಚೆ ಹಲಸಿನ ಮರದ ಬುಡಕ್ಕೆ ಬಂದರು. ಕಣ್ಣು ಕೆಂಪಾಗಿತ್ತು.

"ಸಿಕ್ಲಂತಲ್ಲ ನಿಮಗೆ."

"ಸಿಕ್ಕಿದ್ರು ಅಣ್ಣ."

"ಕೈ ಹಿಡ್ದು ಎಳ್ಕೊಂಡು ಬರಕ್ಕಾಗ್ಲಿಲ್ವಾ ನಿಮಗೆ?"

"ಇಲ್ಲ. ಅವ್ರು ಬರಲ್ಲ ಅಂದ್ರು."

"ಯಾಕಂತೆ? ನಾನೇನ್ ಕಮ್ಮಿ ಮಾಡಿದ್ದೆ ಅವ್ಳಿಗೆ?" ದನಿ ಏರಿತು. ತಿರುವುತ್ತಿದ್ದ ಹೆಂಗಸರು ನಿಂತು ನೋಡಿದರು.

ನಾನು ದನಿ ತಗ್ಗಿಸಿ, "ಬೆರಳು ತೋರಿಸಿದ್ರು ಅಣ್ಣ" ಎಂದೆ.

ಅವರ ಮುಖದಲ್ಲಿ ಏನೋ ಕುಸಿದಂತಾಯಿತು. ಆಮೇಲೆ ಅಳು ಬಂತು, ಭುಜ ಅಲುಗುವಂಥ ಅಳು. ಪ್ರಾರ್ಥನೆಯಲ್ಲಿ ನಾನು ಕಂಡಿದ್ದ ಅಳು ಅದೇನಾ, ಬೇರೆಯದಾ, ನನಗೆ ಹೇಳಲಾಗುವುದಿಲ್ಲ. "ಪ್ರಾರ್ಥನೆ ಮಾಡಿ ಅಯ್ನೋರೇ" ಎಂದರು.

"ಇವತ್ತು ಬೇಡ ಅಣ್ಣ" ಎಂದೆ. "ಇವತ್ತು ನೀವು ಮಾತಾಡಿ. ನಾನು ಕೇಳ್ತೀನಿ. ನಾಳೆನೂ ಬರ್ತೀನಿ."

ಅವರು ಕಣ್ಣೊರೆಸಿಕೊಂಡು, ನಿಂತಿದ್ದ ಹೆಂಗಸರ ಮೇಲೆ ರೇಗಿ, ಕಣಕ್ಕೆ ಇಳಿದುಬಿಟ್ಟರು. ಮರುದಿನ ಹೋದೆ, ಮನೆಯ ಬಾಗಿಲು ಹಾಕಿತ್ತು. ಅದರ ಮುಂದಿನ ದಿನವೂ ಹಾಕಿತ್ತು.

ಸಭೆಯ ಹಿರಿಯರು ಸೇರಿದರು. ಒಪ್ಪಿಸಿದ ಹೆಣ್ಣುಮಗಳನ್ನು ಬಿಟ್ಟುಬಂದವನು ಎಂಬ ಮಾತು ಬಂತು. ಯಾಕೆ ಎಂದು ಅವರು ಕೇಳಿದರೆ ಏನು ಹೇಳಬೇಕು ಎಂದು ನಾನು ಯೋಚಿಸಿಕೊಂಡು ಹೋಗಿದ್ದೆ. ಯಾರೂ ಕೇಳಲಿಲ್ಲ. ಹಿರಿಯ ಸಭಾಪಾಲಕರಿಗೆ ಮಾತ್ರ ಬೇರೆಯಾಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕಳಸದ ಕಡೆ ಯಾರೂ ಇಲ್ಲ, ಅಲ್ಲಿಗೆ ಹೋಗು" ಎಂದರು. ಶಿಕ್ಷೆಯೋ ಕನಿಕರವೋ, ನನಗೆ ಎರಡೂ ಒಂದೇ ಆಗಿತ್ತು.

ತೀರ್ಥ ಕೇಳಿದ್ದ ಸಾವ್ಕಾರ್ರಿಗೆ ಯೊರ್ದನ್ ನೀರಿನ ಸಣ್ಣ ಬಾಟಲಿ ಕೊಟ್ಟೆ. ಅವರು ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆ ನೀರನ್ನು ನಾನು ತುಂಬಿಸಿದ್ದು ಸಾಲಿನಲ್ಲಿ ನಿಂತು, ತಳ್ಳಾಡಿಕೊಂಡು, ಅವಸರದಲ್ಲಿ.

ಕಳಸದಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಅಂಗಡಿಯ ಯಜಮಾನರು ಹಣೆಗೆ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿಯೇ ಬಾಗಿಲು ತೆಗೆಯುವವರು. ಸಂಜೆ ವ್ಯಾಪಾರ ಕಮ್ಮಿಯಾದಾಗ ನನ್ನನ್ನು ಕರೆದು ಕೂರಿಸಿಕೊಳ್ಳುತ್ತಿದ್ದರು. "ನಿಮ್ ಯೆರೂಸಲೇಮಲ್ಲಿ ಎಂತ ನೋಡಿದ್ರಿ, ಹೇಳಿ" ಎನ್ನುತ್ತಿದ್ದರು. ಗಲ್ಲಿ, ಅಂಗಡಿ, ಮೆಟ್ಟಿಲು, ಮಳೆ ಎಂದು ಹೇಳುತ್ತಿದ್ದೆ. "ಅಷ್ಟೇನಾ?" ಎಂದು ಅವರಿಗೆ ನಿರಾಸೆ. ಅಷ್ಟೇ ಎನ್ನುತ್ತಿದ್ದೆ. ಭಾನುವಾರ ಆ ಕೋಣೆಯಲ್ಲಿ ಬೆರಳೆಣಿಕೆಯ ಜನ ಸೇರುತ್ತಿದ್ದರು. ಮನೆಭೇಟಿಗೆ ಹೋದಾಗ ನಾನು ಮೊದಲಿನಂತೆ ಕೂತ ತಕ್ಷಣ ಬೈಬಲು ತೆರೆಯುವುದನ್ನು ಬಿಟ್ಟೆ. ಗಂಡಸರು ಕೆಲಸಕ್ಕೆ ಹೋದ ಮೇಲೆ, ನಮ್ಮ ಸಭೆಯ ವಯಸ್ಸಾದ ಹೆಂಗಸೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡೆ. ನಾನು ಅಂಗಳದಲ್ಲಿ ಕೂರುತ್ತಿದ್ದೆ, ಅವರು ಅಡುಗೆಮನೆಗೆ ಹೋಗುತ್ತಿದ್ದರು. ಆಮೇಲೆ ಇಬ್ಬರು ಮೂವರು ಹೆಂಗಸರನ್ನು ಚಿಕ್ಕಮಗಳೂರಿನ ಮಹಿಳಾ ಠಾಣೆಗೂ ಆಸ್ಪತ್ರೆಗೂ ಕರೆದೊಯ್ದದ್ದುಂಟು. ದಣಿವು ಕಮ್ಮಿಯಾಯಿತು ಎಂದು ಹೇಳಲಾರೆ. ಇನ್ನಷ್ಟು ಹೆಚ್ಚೇ ಆಯಿತು.

ಅಕ್ಕ ಆಗೀಗ ಫೋನಿನಲ್ಲಿ ಮೆಸೇಜು ಕಳಿಸುತ್ತಿದ್ದರು. ಯೆರೂಸಲೇಮಿನ ಕಡೆ ಯುದ್ಧ ಶುರುವಾದಾಗ ದಿನಗಟ್ಟಲೆ ಅವರ ಸುದ್ದಿಯಿರಲಿಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜು ಬಂತು. "ಸೈರನ್ ಆದಾಗ ಎಲ್ರೂ ಕೆಳಗೆ ಓಡ್ತಾರೆ ಅಯ್ನೋರೇ. ನಮ್ಮಜ್ಜಿಗೆ ಓಡಕ್ಕಾಗಲ್ಲ. ಎತ್ಕೊಂಡು ಮೆಟ್ಲವರ್ಗೂ ಬರ್ತೀನಿ, ಅಲ್ಲೇ ಇಬ್ರೂ ತಬ್ಕೊಂಡು ಕೂತ್ಕೋತೀವಿ. ಅವ್ರು ಅವ್ರ ಭಾಷೇಲಿ ಏನೋ ಹೇಳ್ತಾರೆ, ನಾನು ಕನ್ನಡದಲ್ಲಿ ಹೇಳ್ತೀನಿ." ವಾಪಸು ಬನ್ನಿ ಎಂದು ಉತ್ತರ ಕಳಿಸಿದೆ. ಅಜ್ಜಿಯನ್ನು ಯಾರು ಎತ್ತುತ್ತಾರೆ ಎಂದು ಕೇಳಿದರು. ಗೈಡಿನ ಮೆಸೇಜೂ ಬಂತು. ಯಾತ್ರಿಕರು ಯಾರೂ ಬರುತ್ತಿಲ್ಲ, ಮನೆಯಲ್ಲೇ ಕೂತಿದ್ದೇನೆ, ನಮಗಾಗಿ ಪ್ರಾರ್ಥಿಸು ಎಂದು ಬರೆದಿದ್ದ. ಇಬ್ಬರ ಹೆಸರನ್ನೂ ಒಟ್ಟಿಗೇ ಹೇಳಿ ಪ್ರಾರ್ಥಿಸುತ್ತೇನೆ.

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗಳು ಕಳಸಕ್ಕೆ ಬಂದಳು. ಓದು ಮುಗಿಸಿ ಹಾಸನದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಮ್ಮನ ಹಾಗೆಯೇ ಮಾತು ಕಮ್ಮಿ. ಅಂಗಡಿಯ ಯಜಮಾನರು ಕೆಳಗಿನಿಂದ ಎರಡು ಲೋಟ ಕಾಫಿ ಕಳಿಸಿದರು.

"ಅಪ್ಪನ್ನ ನೋಡ್ಕೊಂಡು ಬಂದೆ" ಎಂದಳು. "ಕುಡಿಯೋದು ಜಾಸ್ತಿಯಾಗಿದೆ. ರೈಟರ್ ಕೆಲ್ಸ ಹೋಯ್ತು. ಚರ್ಚಿಗೂ ಹೋಗ್ತಿಲ್ವಂತೆ. ಅಡುಗೆ ಮಾಡಿಟ್ಟು ಬಂದೆ, ಉಳ್ಕೊಳ್ಲಿಲ್ಲ."

"ನಾನು ಹೋಗಿ ಮಾತಾಡ್ಸಿ ಬರ್ಲಾ?"

"ನಿಮ್ಮಿಷ್ಟ. ಬಾಗ್ಲು ತೆಗೀತಾರೋ ಇಲ್ವೋ." ಕಾಫಿ ಕುಡಿದು ಮುಗಿಸಿ, ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕೇಳಿದಳು. "ಅಮ್ಮನ್ನ ಕೊನೇಲಿ ನೋಡಿದ್ದು ನೀವೇ ಅಲ್ವಾ? ಆವತ್ತು ಹೆಂಗಿದ್ರು?"

ಕಪ್ಪು ಪ್ಯಾಂಟು, ದೊಡ್ಡ ಕೋಟು ಎಂದು ಹೇಳಿದೆ. ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿಂದರು, ನನಗೂ ಕೊಟ್ಟರು ಎಂದೆ.

"ಅಮ್ಮ ಪ್ಯಾಂಟ್ ಹಾಕಿದ್ರಾ?" ಎಂದು ಅವಳು ಕಣ್ಣರಳಿಸಿದಳು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. "ವಿಡಿಯೋ ಕಾಲಲ್ಲಿ ಬರೀ ಮುಖ ತೋರಿಸ್ತಾರೆ. ಒಂದ್ಸಲಾನೂ ಹೇಳಿಲ್ಲ ನಂಗೆ."

"ಬಸ್ ಹತ್ತೋವಾಗ ಕಾಲು ತೊಡರ್ಲಿಲ್ಲ. ಸರಾಗವಾಗಿ ಹತ್ತಿದ್ರು" ಎಂದೆ.

ಅವಳು ತಲೆದೂಗಿದಳು. ಹಾಸನದ ಬಸ್ಸಿಗೆ ಇನ್ನೂ ಹೊತ್ತಿತ್ತು. ಬೇರೆ ಏನಾದರೂ ನೆನಪಿದೆಯಾ ಎಂದು ಕೇಳಿದಳು, ನಾನು ನೆಬೋ ಬೆಟ್ಟದಿಂದ ಶುರುಮಾಡಿ ಮೆಲ್ಲಗೆ ಹೇಳುತ್ತ ಹೋದೆ.